ಗೆಟ್ ಅಂದರೆ ಬರೀ ‘ಪಡೆ’ ಅಲ್ಲ

‘ನೀವು ಹೊಸ ಸಂದೇಶವನ್ನು ಪಡೆದಿದ್ದೀರಿ.’

ಫೋನಿನ ಪರದೆಯ ಮೇಲೆ ಇಂಥ ಸಾಲು ಕಂಡಾಗಲೆಲ್ಲ ನನಗೆ ಒಂಥರಾ ಕಸಿವಿಸಿ. ವ್ಯಾಕರಣದಲ್ಲಿ ತಪ್ಪಿಲ್ಲ. ವಿಭಕ್ತಿ ಸರಿಯಾಗಿದೆ, ಕ್ರಿಯಾಪದ ಸರಿಯಾಗಿದೆ. ಆದರೆ ಕನ್ನಡ ಮಾತಾಡುವ ಯಾರೂ ಬಾಯಿಬಿಟ್ಟು ಹೀಗೆ ಹೇಳುವುದಿಲ್ಲ. ‘ನಿಮಗೆ ಮೆಸೇಜ್ ಬಂದಿದೆ’ ಅನ್ನುತ್ತೇವೆ, ಅಷ್ಟೇ. ಮೆಸೇಜು ತಾನಾಗಿ ಬರುತ್ತದೆ. ನಾವು ಹೋಗಿ ಅದನ್ನು ಪಡೆಯುವುದಿಲ್ಲ.

ಈ ಸಾಲಿನ ಹಿಂದೆ ಕೂತಿರುವುದು ಇಂಗ್ಲಿಷಿನ ಒಂದು ಪುಟ್ಟ ಕ್ರಿಯಾಪದ, ಗೆಟ್. ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದು ನನ್ನ ದಿನನಿತ್ಯದ ಕೆಲಸ. ಆ ಕೆಲಸದಲ್ಲಿ ಯಾವ ಪದದ ಮುಂದೆ ಜಾಸ್ತಿ ಹೊತ್ತು ಕೂರುತ್ತೀರಿ ಅಂತ ಯಾರಾದರೂ ಕೇಳಿದರೆ ನಾನು ಈ ಪದವನ್ನೇ ಹೇಳುತ್ತೇನೆ. ಕಾನೂನಿನ ಪದ, ವೈದ್ಯಕೀಯದ ಪದ ಬಂದರೆ ನಿಘಂಟು ತೆಗೆದು ನೋಡಿದರಾಯಿತು. ಗೆಟ್ ಬಂದಾಗ ನಿಘಂಟು ತೆಗೆದರೆ ಮೊದಲ ಸಾಲಿನಲ್ಲೇ ‘ಪಡೆ, ಹೊಂದು, ಗಳಿಸು’ ಅಂತ ಇರುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿಂದ. ಓದಿದವರು ಗೆಟ್ ಅಂದರೆ ಪಡೆ ಅಂತ ತಲೆಯಲ್ಲಿ ಇಟ್ಟುಕೊಳ್ಳುತ್ತಾರೆ. ಆಮೇಲೆ ಎರಡು ಕಡೆಯೂ ಪೆಟ್ಟು. ಇಂಗ್ಲಿಷ್ ಮಾತಾಡುವಾಗ ಗೆಟ್ ಬಾಯಿಗೆ ಬರುವುದಿಲ್ಲ. ಕನ್ನಡ ಬರೆಯುವಾಗ ‘ಪಡೆ’ ಬೇಡದ ಕಡೆಯೆಲ್ಲ ಬಂದು ಕೂರುತ್ತದೆ.

ಒಂದಷ್ಟು ವಾಕ್ಯ ನೋಡೋಣ. ‘ಐ ಗಾಟ್ ಎ ಜಾಬ್’ ಅಂದರೆ ನನಗೆ ಕೆಲಸ ಸಿಕ್ಕಿತು. ‘ಐ ಗಾಟ್ ಎ ಕೋಲ್ಡ್’ ಅಂದರೆ ನನಗೆ ನೆಗಡಿ ಆಯಿತು. ‘ಐ ಗಾಟ್ ಆ್ಯಂಗ್ರಿ’ ಅಂದರೆ ನನಗೆ ಸಿಟ್ಟು ಬಂತು. ‘ಐ ಗಾಟ್ ಆ್ಯನ್ ಐಡಿಯಾ’ ಅಂದರೆ ನನಗೊಂದು ಉಪಾಯ ಹೊಳೆಯಿತು. ‘ಐ ಗಾಟ್ ಯುವರ್ ಲೆಟರ್’ ಅಂದರೆ ನಿಮ್ಮ ಪತ್ರ ನನಗೆ ತಲುಪಿತು. ಇಂಗ್ಲಿಷಿನಲ್ಲಿ ಐದಕ್ಕೂ ಒಂದೇ ಕ್ರಿಯಾಪದ. ಕನ್ನಡದಲ್ಲಿ ಸಿಕ್ಕು, ಆಗು, ಬರು, ಹೊಳೆ, ತಲುಪು ಅಂತ ಐದು ಬೇರೆ ಬೇರೆ. ಇದನ್ನು ನೋಡಿ ‘ಅಬ್ಬಾ, ಗೆಟ್‌ಗೆ ಎಷ್ಟೊಂದು ಅರ್ಥ’ ಅಂತ ಗಾಬರಿಯಾಗುವವರೇ ಜಾಸ್ತಿ. ಆದರೆ ಕನ್ನಡದ ಐದೂ ವಾಕ್ಯಗಳಲ್ಲಿ ಬದಲಾಗದೆ ನಿಂತ ಪದ ಒಂದಿದೆ, ‘ನನಗೆ’.

ನನಗೆ ಇದು ತುಂಬ ಮುಖ್ಯ ಅನ್ನಿಸುತ್ತದೆ. ಇಂಗ್ಲಿಷಿನಲ್ಲಿ ಗೆಟ್ ಹೊರುವ ಭಾರದ ಅರ್ಧವನ್ನು ಕನ್ನಡದಲ್ಲಿ ‘ಗೆ’ ಅನ್ನುವ ಪ್ರತ್ಯಯವೇ ಹೊರುತ್ತದೆ. ಶಾಲೆಯಲ್ಲಿ ಚತುರ್ಥಿ ವಿಭಕ್ತಿ ಅಂತ ಬಾಯಿಪಾಠ ಮಾಡಿದೆವಲ್ಲ, ಅದೇ. ಇಂಗ್ಲಿಷಿನಲ್ಲಿ ‘ನಾನು’ ವಾಕ್ಯದ ಯಜಮಾನ. ನೆಗಡಿಯಾದರೂ ನಾನೇ ಅದನ್ನು ಗೆಟ್ ಮಾಡಿದೆ. ಕನ್ನಡದಲ್ಲಿ ನೆಗಡಿ ತಾನಾಗಿ ಬರುವಂಥದು. ಸಿಟ್ಟು, ನಿದ್ದೆ, ನೆನಪು, ಅನುಮಾನ, ಜ್ವರ ಎಲ್ಲವೂ ಬರುತ್ತವೆ. ಹಸಿವು, ಬಾಯಾರಿಕೆ, ಸುಸ್ತು, ಬೇಜಾರು ಆಗುತ್ತವೆ. ನಾನು ಇವನ್ನೆಲ್ಲ ಬರಮಾಡಿಕೊಳ್ಳುವ ಜಾಗ ಮಾತ್ರ.

ಇದು ಕನ್ನಡದ್ದೊಂದೇ ಗುಣ ಅಲ್ಲ. ತಮಿಳು, ತೆಲುಗು, ಮಲಯಾಳ, ಹಿಂದಿ ಎಲ್ಲದರಲ್ಲೂ ಇದೆ. ಹಳೆಯ ಇಂಗ್ಲಿಷಿನಲ್ಲೂ ಇತ್ತು. ಹಳೆಯ ಇಂಗ್ಲಿಷ್ ಬರಹಗಳಲ್ಲಿ ‘ಮಿ ಥಿಂಕ್ಸ್’ ಅಂತ ಒಂದು ಮಾತು ಬರುತ್ತದೆ. ನೇರವಾಗಿ ಹೇಳಿದರೆ ‘ನನಗೆ ತೋರುತ್ತದೆ’. ಲೈಕ್ ಅನ್ನುವ ಕ್ರಿಯಾಪದಕ್ಕೂ ಮೊದಲು ಹಿಡಿಸು ಅಂತಲೇ ಅರ್ಥ. ‘ಅದು ನನಗೆ ಹಿಡಿಸುತ್ತದೆ’ ಅನ್ನುವ ಧಾಟಿಯಲ್ಲೇ ಅದನ್ನು ಬಳಸುತ್ತಿದ್ದರು. ಕಾಲ ಕಳೆದಂತೆ ಇಂಗ್ಲಿಷಿನ ವಿಭಕ್ತಿ ಪ್ರತ್ಯಯಗಳು ಸವೆದು ಹೋದವು. ಯಾರು ಮಾಡಿದ್ದು, ಯಾರಿಗೆ ಆದದ್ದು ಅನ್ನುವುದನ್ನು ಪದಗಳ ಸಾಲೇ ಹೇಳಬೇಕಾಯಿತು. ಕ್ರಿಯಾಪದದ ಮುಂಚೆ ಬಂದವರು ಕರ್ತೃವಾದರು. ‘ನನಗೆ’ ಅಂತಿದ್ದದ್ದು ‘ನಾನು’ ಆಯಿತು.

ಹಾಗಾದರೆ ಕನ್ನಡದ ‘ಪಡೆ’ ಎಲ್ಲಿ ಸಲ್ಲುತ್ತದೆ? ಹೋಗಿ, ಕೇಳಿ, ದುಡಿದು ತಂದುಕೊಂಡ ಕಡೆ. ಪದವಿ ಪಡೆದೆ, ಅನುಮತಿ ಪಡೆದೆ, ಸಾಲ ಪಡೆದೆ, ತರಬೇತಿ ಪಡೆದೆ. ಇಲ್ಲೆಲ್ಲ ಅದು ಚೆನ್ನಾಗಿ ಕೂರುತ್ತದೆ. ಯಾಕೆಂದರೆ ಇಲ್ಲಿ ಒಂದು ಪ್ರಯತ್ನ ಇದೆ. ಪ್ರಯತ್ನ ಇತ್ತೋ ಇಲ್ಲವೋ ಅನ್ನುವುದನ್ನು ಗೆಟ್ ಕೇಳುವುದೇ ಇಲ್ಲ. ಪದವಿಯನ್ನೂ ಗೆಟ್ ಮಾಡಬಹುದು, ಜ್ವರವನ್ನೂ ಗೆಟ್ ಮಾಡಬಹುದು. ಕನ್ನಡ ಆ ಪ್ರಶ್ನೆ ಕೇಳಿಯೇ ಮುಂದೆ ಹೋಗುತ್ತದೆ. ಹಾಗಾಗಿ ಗೆಟ್ ಕಂಡಾಗ ನಾನು ಮೊದಲು ನೋಡುವುದು ಇದನ್ನೇ: ಇವರು ಹೋಗಿ ತಂದದ್ದೋ, ತಾನಾಗಿ ಬಂದದ್ದೋ?

ತಾನಾಗಿ ಬಂದದ್ದರಲ್ಲೂ ಕನ್ನಡಕ್ಕೆ ಒಂದೇ ಪದ ಸಾಲುವುದಿಲ್ಲ. ಸಿಕ್ಕಿದ್ದೆಲ್ಲ ದಕ್ಕುವುದಿಲ್ಲ. ಸಿಕ್ಕುವುದು ಅಂದರೆ ಕೈಗೆ ಬರುವುದು. ದಕ್ಕುವುದು ಅಂದರೆ ಬಂದದ್ದು ನಮ್ಮದಾಗಿ ಉಳಿಯುವುದು. ಸಮಯಕ್ಕೆ ಸರಿಯಾಗಿ ಬಂದರೆ ಒದಗುವುದು. ಇನ್ನೊಂದು ಪದ ಇದೆ, ಗಿಟ್ಟು. ‘ಈ ಬೆಲೆಗೆ ಗಿಟ್ಟಲ್ಲ’ ಅನ್ನುತ್ತೇವೆ. ಚುನಾವಣೆಯ ಸುದ್ದಿ ಬರೆಯುವವರು ‘ಟಿಕೆಟ್ ಗಿಟ್ಟಿಸಿಕೊಂಡರು’ ಅಂತ ಬರೆಯುತ್ತಾರೆ. ಗೆಟ್, ಗಿಟ್ಟು. ಕಿವಿಗೆ ಅಣ್ಣತಮ್ಮಂದಿರ ಹಾಗೆ ಕೇಳಿಸುತ್ತವೆ, ಅರ್ಥವೂ ಹತ್ತಿರ ಹತ್ತಿರ ಒಂದೇ. ಆದರೆ ಎರಡಕ್ಕೂ ಯಾವ ನಂಟೂ ಇಲ್ಲ. ಗಿಟ್ಟು ಅಪ್ಪಟ ದ್ರಾವಿಡ ಪದ. ತಮಿಳಿನಲ್ಲಿ ಕಿಟ್ಟು ಅಂದರೆ ಹತ್ತಿರವಾಗು, ದೊರೆ. ಮಲಯಾಳದಲ್ಲಿ ‘ಕಿಟ್ಟಿ’ ಅಂದರೆ ಸಿಕ್ಕಿತು. ಮಲಯಾಳಿಗಳು ಇಡೀ ದಿನ ಬಳಸುವ ಪದ ಅದು. ಇಂಥ ಹೋಲಿಕೆಗಳನ್ನು ಹಿಡಿದು ‘ಇಂಗ್ಲಿಷ್ ನಮ್ಮಿಂದಲೇ ಹುಟ್ಟಿದ್ದು’ ಅನ್ನುವವರೂ ಇದ್ದಾರೆ. ನಾನು ಅದಕ್ಕೆ ಒಪ್ಪುವುದಿಲ್ಲ. ಲೋಕದ ಯಾವ ಎರಡು ಭಾಷೆ ತೆಗೆದುಕೊಂಡರೂ ಇಂಥ ಆಕಸ್ಮಿಕಗಳು ಸಿಗುತ್ತವೆ. ನಂಟು ಇದೆ ಅನ್ನಬೇಕಾದರೆ ಪದ ಯಾವ ದಾರಿಯಲ್ಲಿ ಬಂತು ಅನ್ನುವುದನ್ನು ತೋರಿಸಬೇಕು.

ಗೆಟ್ ಬಂದ ದಾರಿ ಗೊತ್ತಿದೆ. ಅದು ಮೂಲದಲ್ಲಿ ಇಂಗ್ಲೆಂಡಿನದಲ್ಲ. 9ನೇ ಶತಮಾನದಲ್ಲಿ ಸ್ಕ್ಯಾಂಡಿನೇವಿಯಾದ ಕಡಲಿಗರು, ಅಂದರೆ ವೈಕಿಂಗರು, ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆ ನಿಂತರು. ಅವರ ಮಾತನ್ನು ಈಗ ಹಳೆಯ ನಾರ್ಸ್ ಅನ್ನುತ್ತಾರೆ. ಅದರಲ್ಲಿದ್ದ ‘ಗೆಟಾ’ ಅನ್ನುವ ಕ್ರಿಯಾಪದವೇ ಗೆಟ್ ಆದದ್ದು. ಟೇಕ್, ಸ್ಕೈ, ಎಗ್, ನೈಫ್, ವಿಂಡೋ ಇವೂ ಅದೇ ದಾರಿಯಲ್ಲಿ ಬಂದವು. ದೇ, ದೆಮ್ ಅನ್ನುವ ಸರ್ವನಾಮಗಳೂ ಅಲ್ಲಿಂದಲೇ. ಒಂದು ಭಾಷೆ ಇನ್ನೊಂದರಿಂದ ವಸ್ತುಗಳ ಹೆಸರು ತೆಗೆದುಕೊಳ್ಳುವುದು ಮಾಮೂಲು. ಸರ್ವನಾಮವನ್ನೂ ಇಂಥ ಮೂಲ ಕ್ರಿಯಾಪದವನ್ನೂ ತೆಗೆದುಕೊಂಡಿದೆ ಅಂದರೆ ಆ ಇಬ್ಬರು ಜನ ಬರೀ ಕಾದಾಡಲಿಲ್ಲ, ಅಕ್ಕಪಕ್ಕದಲ್ಲಿ ಬಾಳಿದರು ಅಂತ ತಾನೇ ಅರ್ಥ?

ಇಂಗ್ಲಿಷಿನಲ್ಲಿ ಅದೇ ಬೇರಿನ ತನ್ನದೇ ಪದಗಳು ಮುಂಚೆಯೂ ಇದ್ದವು. ಆದರೆ ಒಂಟಿಯಾಗಿ ಅಲ್ಲ, ಮುಂದೆ ಇನ್ನೊಂದು ತುಣುಕು ಅಂಟಿಸಿಕೊಂಡು. ಫರ್ಗೆಟ್ ಒಂದು, ಬಿಗೆಟ್ ಇನ್ನೊಂದು. ಫರ್ಗೆಟ್ ಅಂದರೆ ಹಿಡಿದದ್ದು ಕೈತಪ್ಪಿ ಹೋಗುವುದು, ಮರೆಯುವುದು. ಬಿಗೆಟ್ ಅಂದರೆ ಮಕ್ಕಳನ್ನು ಪಡೆಯುವುದು. ಇಲ್ಲಿ ಮಾತ್ರ ಕನ್ನಡದ ಪಡೆ ಮತ್ತು ಇಂಗ್ಲಿಷಿನ ಗೆಟ್ ನಿಜವಾಗಿ ಒಂದಕ್ಕೊಂದು ಎದುರಾಗುತ್ತವೆ. ಹಳಗನ್ನಡದ ಪಕಾರ ಆಮೇಲೆ ಹಕಾರ ಆಯಿತಲ್ಲ, ಪಾಲು ಹಾಲಾಯಿತು, ಪೂ ಹೂವಾಯಿತು. ಹಾಗೆಯೇ ಪಡೆ ಅನ್ನುವುದು ಹಡೆ ಆಯಿತು. ಹಡೆದವ್ವ ಅಂದರೆ ಪಡೆದ ಅವ್ವ. ‘ಪಡೆ’ ಅಂತಲೂ ಉಳಿದುಕೊಂಡು, ‘ಹಡೆ’ ಅಂತಲೂ ಬದಲಾಗಿ, ಎರಡೂ ಬೇರೆ ಬೇರೆ ಕೆಲಸಕ್ಕೆ ನಿಂತವು. ಎಲ್ಲೋ ದೂರದಲ್ಲಿ ಇಂಗ್ಲಿಷಿನವರೂ ಮಕ್ಕಳಾಗುವುದಕ್ಕೆ ಇದೇ ಬಗೆಯ ಪದವನ್ನು ಬಳಸಿದ್ದು ನೋಡಿದರೆ ಖುಷಿಯಾಗುತ್ತದೆ.

ಗೆಟ್‌ನ ಬೇರಿನ ಮೂಲ ಅರ್ಥ ‘ಹಿಡಿ’. ಲ್ಯಾಟಿನ್ನಿನಲ್ಲಿ ಅದೇ ಬೇರು ‘ಪ್ರೆಹೆಂಡೆರೆ’ ಅನ್ನುವ ಕ್ರಿಯಾಪದದಲ್ಲಿದೆ. ಅದರಿಂದ ಕಾಂಪ್ರಿಹೆಂಡ್ ಬಂತು, ಪ್ರಿಸನ್ ಕೂಡ ಬಂತು. ಅಂದರೆ ‘ಐ ಗೆಟ್ ಇಟ್’ ಅನ್ನುವ ಸಾದಾ ಮಾತೂ ‘ಐ ಕಾಂಪ್ರಿಹೆಂಡ್’ ಅನ್ನುವ ಪಂಡಿತರ ಮಾತೂ ಒಂದೇ ಬೇರಿನವು. ಸಂಸ್ಕೃತದಿಂದ ಕನ್ನಡಕ್ಕೆ ಬಂದ ಗ್ರಹಿಸು ಕೂಡ ‘ಹಿಡಿ’ ಅನ್ನುವ ಅರ್ಥದಿಂದಲೇ ಹುಟ್ಟಿದ್ದು. ಅದರ ಬೇರು ಬೇರೆ, ಯೋಚನೆ ಮಾತ್ರ ಅದೇ. ಅರ್ಥವನ್ನು ಕೈಯಲ್ಲಿ ಹಿಡಿಯುವ ವಸ್ತುವಿನಂತೆ ಕಾಣುವುದು ಮನುಷ್ಯರಿಗೆಲ್ಲ ಸಹಜ ಅಂತ ಕಾಣುತ್ತದೆ.

ಇನ್ನು ಗೆಟ್‌ನ ಒಳಗಿನ ಕೆಲಸಕ್ಕೆ ಬರೋಣ. ಅದರ ಪಕ್ಕ ಏನು ಬಂದಿದೆ ಅಂತ ನೋಡಿದರೆ ಅರ್ಧ ಗಂಟು ಬಿಚ್ಚಿಕೊಳ್ಳುತ್ತದೆ. ಪಕ್ಕದಲ್ಲಿ ನಾಮಪದ ಇದ್ದರೆ, ಮೊದಲು ನನ್ನ ಹತ್ತಿರ ಇರಲಿಲ್ಲ, ಈಗ ಇದೆ. ಗುಣವಾಚಕ ಇದ್ದರೆ, ಮೊದಲು ಹಾಗಿರಲಿಲ್ಲ, ಈಗ ಹಾಗಾಗಿದೆ. ಜಾಗ ಇದ್ದರೆ, ಮೊದಲು ಅಲ್ಲಿರಲಿಲ್ಲ, ಈಗ ಅಲ್ಲಿದ್ದೇನೆ. ಮೂರರಲ್ಲೂ ಇರುವುದು ಒಂದೇ, ಬದಲಾವಣೆ. ಹ್ಯಾವ್ ಮತ್ತು ಬಿ ಅನ್ನುವ ಕ್ರಿಯಾಪದಗಳು ಇರುವುದನ್ನು ಹೇಳುತ್ತವೆ. ಆ ಸ್ಥಿತಿಗೆ ಬಂದದ್ದನ್ನು ಗೆಟ್ ಹೇಳುತ್ತದೆ. ‘ಶಿ ಈಸ್ ಮ್ಯಾರೀಡ್’ ಅಂದರೆ ಅವಳಿಗೆ ಮದುವೆ ಆಗಿದೆ. ‘ಶಿ ಗಾಟ್ ಮ್ಯಾರೀಡ್’ ಅಂದರೆ ಅವಳ ಮದುವೆ ಆಯಿತು. ಒಂದು ಸ್ಥಿತಿ, ಇನ್ನೊಂದು ಘಟನೆ.

ಗುಣವಾಚಕದ ಜೊತೆ ಬಂದಾಗ ಕನ್ನಡದ ‘ಆಗು’ ಕಣ್ಣುಮುಚ್ಚಿ ಕೂರುತ್ತದೆ. ಕತ್ತಲಾಯಿತು, ಹೊತ್ತಾಯಿತು, ವಯಸ್ಸಾಯಿತು, ಸುಸ್ತಾಯಿತು, ಅಭ್ಯಾಸ ಆಯಿತು, ರೆಡಿ ಆದೆ. ಇಂಗ್ಲಿಷಿನಲ್ಲಿ ಇವೆಲ್ಲ ಗೆಟ್. ಆದರೆ ಒಂದು ಕಡೆ ಹುಷಾರಾಗಿರಬೇಕು. ‘ಅವನು ಡಾಕ್ಟರ್ ಆದ’ ಅನ್ನುವುದಕ್ಕೆ ಗೆಟ್ ನಡೆಯುವುದಿಲ್ಲ. ‘ಹಿ ಗಾಟ್ ಎ ಡಾಕ್ಟರ್’ ಅಂದರೆ ಅವನು ಡಾಕ್ಟರನ್ನು ಕರೆದುಕೊಂಡು ಬಂದ ಅಂತ ಆಗಿಬಿಡುತ್ತದೆ. ಅಲ್ಲಿ ಬಿಕಮ್ ಬೇಕು. ನಾಮಪದ ಪಕ್ಕಕ್ಕೆ ಬಂದ ಕೂಡಲೇ ಗೆಟ್ ತನ್ನ ಹಳೆಯ ‘ಕೈಗೆ ತಗೋ’ ಅನ್ನುವ ಅರ್ಥಕ್ಕೆ ಮರಳುತ್ತದೆ. ಎರಡು ನಾಮಪದ ಬಂದರೆ, ಅಂದರೆ ‘ಗೆಟ್ ಮಿ ಎ ಚೇರ್’ ಅಂದರೆ, ಅದು ಕನ್ನಡದ ‘ತಂದುಕೊಡು’. ಜಾಗದ ವಿಷಯದಲ್ಲಿ ಒಂದೇ ಮಾತು. ‘ಗೆಟ್ ಟು ದ ಸ್ಟೇಷನ್’ ಅನ್ನುತ್ತಾರೆ, ಆದರೆ ಹೋಮ್, ಹಿಯರ್, ದೇರ್ ಬಂದಾಗ ನಡುವೆ ‘ಟು’ ಇರುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇನ್ನೊಂದು. ಕನ್ನಡದವರಿಗೆ ಗೆಟ್ ಕಲಿಸುವವರು ಇಲ್ಲಿಂದಲೇ ಶುರುಮಾಡಬೇಕು ಅಂತ ನನ್ನ ಗಟ್ಟಿ ನಂಬಿಕೆ.

ಎರಡು ವಾಕ್ಯ ತೆಗೆದುಕೊಳ್ಳಿ. ‘ಐ ಗಾಟ್ ಮೈ ವಾಚ್ ರಿಪೇರ್ಡ್.’ ‘ಐ ಗಾಟ್ ಸ್ಕೋಲ್ಡೆಡ್.’ ಮೊದಲನೆಯದು ನಾನು ಬೇಕು ಅಂತ ಮಾಡಿಸಿಕೊಂಡದ್ದು. ಎರಡನೆಯದು ಬೇಡವಾದರೂ ಆದದ್ದು. ವ್ಯಾಕರಣದ ಪುಸ್ತಕಗಳು ಇವನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಹಾಕುತ್ತವೆ. ಒಂದಕ್ಕೆ ಪ್ರೇರಣಾರ್ಥಕ, ಇನ್ನೊಂದಕ್ಕೆ ಕರ್ಮಣಿ ಪ್ರಯೋಗ. ಓದುವವರಿಗೆ ಒಂದೇ ಪದ ಇಷ್ಟು ದೂರದ ಎರಡು ಕೆಲಸ ಯಾಕೆ ಮಾಡುತ್ತದೆ ಅಂತ ಗೊಂದಲ.

ಈಗ ಕನ್ನಡದಲ್ಲಿ ಹೇಳಿ ನೋಡಿ. ವಾಚು ರಿಪೇರಿ ಮಾಡಿಸಿಕೊಂಡೆ. ಬೈಸಿಕೊಂಡೆ.

ಎರಡರಲ್ಲೂ ಅದೇ ಬಾಲ: ‘ಇಸಿಕೊಂಡೆ’. ‘ಇಸು’ ಅಂದರೆ ಇನ್ನೊಬ್ಬರ ಕೈಲಿ ಮಾಡಿಸುವುದು. ‘ಕೊಳ್ಳು’ ಅಂದರೆ ಅದರ ಫಲ ನನ್ನ ಕಡೆಗೇ ಬರುವುದು. ಇವೆರಡೂ ಸೇರಿದರೆ ‘ಇನ್ನೊಬ್ಬರು ಮಾಡಿದ್ದು, ನನಗೆ ಬಂದದ್ದು’. ಬಂದದ್ದು ಒಳ್ಳೆಯದೋ ಕೆಟ್ಟದ್ದೋ, ಬೇಕಾದ್ದೋ ಬೇಡವಾದ್ದೋ, ಅದನ್ನು ಮೂಲ ಕ್ರಿಯಾಪದ ಹೇಳುತ್ತದೆ. ತೋರಿಸಿಕೊಂಡೆ, ಹೊಲಿಸಿಕೊಂಡೆ, ಬರೆಸಿಕೊಂಡೆ. ಹೊಡೆಸಿಕೊಂಡೆ, ಉಗಿಸಿಕೊಂಡೆ, ನಾಯಿ ಕೈಲಿ ಕಚ್ಚಿಸಿಕೊಂಡೆ. ಇಂಗ್ಲಿಷಿನವರು ಗೆಟ್ ಒಂದರಲ್ಲೇ ತುಂಬಿದ್ದನ್ನು ಕನ್ನಡದವರು ಕ್ರಿಯಾಪದದ ಬಾಲದಲ್ಲಿ ತುಂಬಿದ್ದಾರೆ. ಒಂದು ಭಾಷೆ ಜರ್ಮ್ಯಾನಿಕ್, ಇನ್ನೊಂದು ದ್ರಾವಿಡ. ನಂಟಿಲ್ಲ, ಕೊಡುಕೊಳ್ಳುವಿಕೆಯ ಫಲವೂ ಅಲ್ಲ. ಆದರೂ ಮಾಡಿಸಿಕೊಳ್ಳುವುದನ್ನೂ ಅನುಭವಿಸುವುದನ್ನೂ ಇಬ್ಬರೂ ಒಂದೇ ಗೂಡಿನಲ್ಲಿ ಇಟ್ಟಿದ್ದಾರೆ. ಇದನ್ನು ಗಮನಿಸಿದ ದಿನ ನನಗೆ ಆದ ಸಂತೋಷ ಇನ್ನೂ ಇಳಿದಿಲ್ಲ.

ಇನ್ನೂ ಹತ್ತಿರದಿಂದ ನೋಡಿದರೆ ಬಣ್ಣವೂ ಹೊಂದುತ್ತದೆ. ‘ಹಿ ವಾಸ್ ಫೈರ್ಡ್’ ಅಂದರೆ ಅವನನ್ನು ಕೆಲಸದಿಂದ ತೆಗೆದರು. ಬರೀ ಸುದ್ದಿ. ‘ಹಿ ಗಾಟ್ ಫೈರ್ಡ್’ ಅಂದಾಗ ಅವನ ಪಾಡು ಏನಾಯಿತು ಅನ್ನುವ ಕಡೆಗೆ ಗಮನ ಹೋಗುತ್ತದೆ. ‘ಹಿ ಗಾಟ್ ಹಿಮ್‌ಸೆಲ್ಫ್ ಫೈರ್ಡ್’ ಅಂದರೆ ತಪ್ಪಿನಲ್ಲಿ ಅವನ ಪಾಲೂ ಇದೆ ಅಂತಲೇ ಆಯಿತು. ಕನ್ನಡದಲ್ಲಿ ‘ಮೇಷ್ಟ್ರು ಅವನಿಗೆ ಬೈದರು’ ಅನ್ನುವುದಕ್ಕೂ ‘ಅವನು ಮೇಷ್ಟ್ರ ಹತ್ತಿರ ಬೈಸಿಕೊಂಡ’ ಅನ್ನುವುದಕ್ಕೂ ಅದೇ ವ್ಯತ್ಯಾಸ ಇದೆ ಅಲ್ವಾ? ಎರಡನೆಯದರಲ್ಲಿ ಅವನೇ ಏನೋ ಮಾಡಿರಬೇಕು ಅನ್ನುವ ಸಣ್ಣ ಅನುಮಾನ ಸೇರಿರುತ್ತದೆ. ‘ಅವನಿಂದ ಬೈಯಲ್ಪಟ್ಟೆ’ ಅನ್ನುವುದು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಮಾತ್ರ ಬದುಕುವ ವಾಕ್ಯ. ಇಂಗ್ಲಿಷಿನ ಕರ್ಮಣಿ ಪ್ರಯೋಗಕ್ಕೆಲ್ಲ ‘ಅಲ್ಪಡು’ ಹಚ್ಚುವ ಅನುವಾದಗಳು ಓದುಗರನ್ನು ಸುಮ್ನೆ ದಣಿಸುತ್ತವೆ. ಏಟು ತಿಂದ, ಮೋಸ ಹೋದ, ಸಿಕ್ಕಿಬಿದ್ದ, ಬೈಸಿಕೊಂಡ. ಮಾತಿನ ಕನ್ನಡದಲ್ಲಿ ಇಷ್ಟೆಲ್ಲ ಜೀವಂತ ದಾರಿಗಳಿರುವಾಗ ‘ಅಲ್ಪಡು’ ಯಾಕೆ ಬೇಕು?

ಇಂಗ್ಲಿಷ್ ಇಲ್ಲಿ ಒಂದು ಕಡೆ ಕನ್ನಡಕ್ಕಿಂತ ನಯವಾಗಿದೆ, ಅದನ್ನೂ ಹೇಳಬೇಕು. ‘ಸಹಿ ಹಾಕಿಸಿದೆ’ ಅನ್ನುವ ಒಂದು ಮಾತಿಗೆ ಇಂಗ್ಲಿಷಿನಲ್ಲಿ ಮೂರು ದಾರಿ. ‘ಐ ಮೇಡ್ ಹಿಮ್ ಸೈನ್’ ಅಂದರೆ ಬಲವಂತ. ‘ಐ ಹ್ಯಾಡ್ ಹಿಮ್ ಸೈನ್’ ಅಂದರೆ ಹೇಳಿದೆ, ಅವನ ಕೆಲಸ ಅದು, ಮಾಡಿದ. ‘ಐ ಗಾಟ್ ಹಿಮ್ ಟು ಸೈನ್’ ಅಂದರೆ ಅವನಿಗೆ ಮನಸ್ಸಿರಲಿಲ್ಲ, ಹೇಗೋ ಒಪ್ಪಿಸಿದೆ. ಈ ಗುಂಪಿನಲ್ಲಿ ಗೆಟ್ ಒಂದೇ ‘ಟು’ ಕೇಳುವುದು. ಕನ್ನಡದ ‘ಇಸು’ ಮೂರನ್ನೂ ನುಂಗಿ ಸುಮ್ಮನಿರುತ್ತದೆ. ಹಾಗಾಗಿ ಗೆಟ್ ಬಂದ ಕಡೆ ನಾನು ‘ಹೇಗೋ ಒಪ್ಪಿಸಿ ಸಹಿ ಹಾಕಿಸಿದೆ’ ಅಂತ ಒಂದೆರಡು ಪದ ಸೇರಿಸಿ ಬರೆಯುತ್ತೇನೆ. ಸೇರಿಸದಿದ್ದರೆ ಆ ಮನವೊಲಿಕೆಯ ಎಳೆ ಕಳೆದುಹೋಗುತ್ತದೆ.

ಇಷ್ಟು ದುಡಿಯುವ ಪದವನ್ನು ಇಂಗ್ಲಿಷ್ ಮೇಷ್ಟ್ರುಗಳು ಬಹಳ ಕಾಲ ಕೀಳಾಗಿ ಕಂಡಿದ್ದಾರೆ. ಪ್ರಬಂಧದಲ್ಲಿ ಗೆಟ್ ಬರೆಯಬೇಡಿ, ಒಬ್ಟೇನ್ ಅನ್ನಿ, ರಿಸೀವ್ ಅನ್ನಿ, ಅಕ್ವೈರ್ ಅನ್ನಿ ಅಂತ ಪಾಠ. 1755ರಲ್ಲಿ ತನ್ನ ದೊಡ್ಡ ಇಂಗ್ಲಿಷ್ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ ಅದರ ಮುನ್ನುಡಿಯಲ್ಲೇ ಈ ಬಗೆಯ ಕ್ರಿಯಾಪದಗಳ ಬಗ್ಗೆ ನೋವು ತೋಡಿಕೊಂಡಿದ್ದಾನೆ. ಗೆಟ್, ಗಿವ್, ಡೂ, ಪುಟ್, ಸೆಟ್, ಗೋ, ರನ್, ಮೇಕ್, ಟೇಕ್ ಎಲ್ಲ ಆ ಪಟ್ಟಿಯಲ್ಲಿವೆ. ಇವುಗಳ ಅರ್ಥ ಎಷ್ಟು ಸಡಿಲ, ಮೂಲದಿಂದ ಎಷ್ಟು ದೂರ ಹೋಗಿವೆ ಅಂದರೆ ಇವನ್ನು ಒಂದು ಗೆರೆಯೊಳಗೆ ಕಟ್ಟಿಹಾಕುವುದೇ ಕಷ್ಟ ಅನ್ನುತ್ತಾನೆ. ಆದರೆ ನಿಘಂಟಿನಿಂದ ಇವನ್ನು ಹೊರಗಿಡಲಿಲ್ಲ. ಒಂದೊಂದನ್ನೂ ಉದಾಹರಣೆ ಕೊಟ್ಟು ಬಿಡಿಸಿದ. ಅವನ ಮೇಲೆ ನನಗೆ ಗೌರವ ಇರುವುದು ಇದಕ್ಕೇ.

ಒಬ್ಟೇನ್, ರಿಸೀವ್, ಅಕ್ವೈರ್, ಅರೈವ್ ಇವೆಲ್ಲ ಫ್ರೆಂಚ್, ಲ್ಯಾಟಿನ್ ಮೂಲದವು. 1066ರಲ್ಲಿ ಫ್ರೆಂಚ್ ಮಾತಾಡುತ್ತಿದ್ದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನ, ಕೋರ್ಟು, ಚರ್ಚಿನ ಭಾಷೆ ಬೇರೆಯಾಯಿತು. ಅಂಥ ಪದಗಳಿಗೆ ಮರ್ಯಾದೆ ಸಿಕ್ಕಿತು. ದುಡಿಯುವವರ ಬಾಯಲ್ಲಿ ಗೆಟ್ ಉಳಿಯಿತು. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಸಿಕ್ಕಿತು’ ಅನ್ನುವ ಕಡೆ ‘ಲಭಿಸಿತು’, ‘ಪ್ರಾಪ್ತವಾಯಿತು’ ಅಂತ ಬರೆದರೆ ಬರಹ ದೊಡ್ಡದಾಯಿತು ಅನ್ನುವ ಭಾವನೆ ನಮ್ಮಲ್ಲೂ ಇದೆ. ಪ್ರಾಪ್ತವಾಯಿತು ಅನ್ನಬೇಕಾದ ಸಂದರ್ಭಗಳೂ ಇವೆ, ಇಲ್ಲ ಅನ್ನುವುದಿಲ್ಲ. ಆದರೆ ಇಂಗ್ಲಿಷಿನ ಗೆಟ್‌ಗೆ ಕನ್ನಡದಲ್ಲಿ ‘ಲಭಿಸು’ ಹಾಕುವುದು ಅರ್ಥದಲ್ಲಿ ಸರಿಯಿದ್ದರೂ ಧಾಟಿಯಲ್ಲಿ ತಪ್ಪು. ಮನೆ ಮಾತಿಗೆ ಮನೆ ಮಾತನ್ನೇ ಕೊಡಬೇಕು.

ಗಾಟ್ ಅನ್ನುವ ಭೂತಕಾಲದ ರೂಪಕ್ಕೆ ಅದರದೇ ಒಂದು ಕಥೆ. ‘ಐ ಹ್ಯಾವ್ ಗಾಟ್ ಎ ಪೆನ್’ ಅಂದರೆ ‘ನನ್ನ ಹತ್ತಿರ ಪೆನ್ನು ಇದೆ’. ರೂಪ ನೋಡಿದರೆ ಕೆಲಸ ಮುಗಿದಿದೆ, ಅರ್ಥ ನೋಡಿದರೆ ಈಗಿನದು. ಇದು ವಿಚಿತ್ರ ಅನ್ನಿಸಿದರೆ ಕನ್ನಡದ ‘ಕೂತಿದ್ದಾನೆ’ ನೋಡಿ. ಕೂತದ್ದು ಆಗಿಹೋದ ಕೆಲಸ, ಆದರೆ ಹೇಳುತ್ತಿರುವುದು ಈಗಿನ ಸ್ಥಿತಿ. ನಿಂತಿದ್ದಾನೆ, ಮಲಗಿದ್ದಾನೆ ಎಲ್ಲವೂ ಹಾಗೇ. ಪೆನ್ನು ತೆಗೆದುಕೊಂಡದ್ದು ಮುಗಿಯಿತು, ಅದರ ಫಲ ಕೈಯಲ್ಲಿದೆ. ಅಲ್ಲಿಂದ ‘ಹ್ಯಾವ್ ಗಾಟ್ ಟು’ ಬಂತು, ಮಾಡಲೇಬೇಕು ಅನ್ನುವ ಅರ್ಥದಲ್ಲಿ. ಮಾತಿನಲ್ಲಿ ಸವೆದು ‘ಗಾಟಾ’ ಆಯಿತು. ‘ಮಾಡಬೇಕು’ ಅನ್ನುವುದು ಬಾಯಲ್ಲಿ ‘ಮಾಡ್ಬೇಕು’ ಆದ ಹಾಗೆ.

ಅಮೆರಿಕದವರು ‘ಗಾಟನ್’ ಅನ್ನುತ್ತಾರೆ. ಬ್ರಿಟನ್ನಿನ ಕೆಲವರು ಇದನ್ನು ಅಮೆರಿಕದ ಕೆಟ್ಟ ಅಭ್ಯಾಸ ಅಂದುಕೊಂಡಿದ್ದಾರೆ. ನಿಜ ಹೇಳಬೇಕೆಂದರೆ ಹಳೆಯದು ಅದೇ. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ ಹವ್ವ ಮೊದಲ ಮಗನನ್ನು ಹೆತ್ತಾಗ ಹೇಳುವ ಮಾತಿನಲ್ಲಿ ಗಾಟನ್ ಇದೆ. ಬ್ರಿಟನ್ನಿನಲ್ಲಿ ಆಮೇಲೆ ಬಳಕೆ ತಪ್ಪಿತು, ಅಮೆರಿಕದಲ್ಲಿ ಉಳಿಯಿತು. ಫರ್ಗಾಟನ್ ಅನ್ನುವಾಗಲಂತೂ ಇಬ್ಬರೂ ಆ ಬಾಲವನ್ನು ಉಳಿಸಿಕೊಂಡಿದ್ದಾರೆ. ಉಳಿಸಿಕೊಂಡ ಅಮೆರಿಕದವರಿಗೆ ಒಂದು ಲಾಭವೂ ಇದೆ. ‘ಐ ಹ್ಯಾವ್ ಗಾಟ್ ಎ ಕಾರ್’ ಅಂದರೆ ಕಾರು ಇದೆ. ‘ಐ ಹ್ಯಾವ್ ಗಾಟನ್ ಎ ಕಾರ್’ ಅಂದರೆ ಕಾರು ತಗೊಂಡಿದ್ದೇನೆ. ಬ್ರಿಟನ್ನಿನವರು ಎರಡಕ್ಕೂ ಗಾಟ್ ಅನ್ನುತ್ತಾರೆ, ಸಂದರ್ಭ ನೋಡಿ ತಿಳಿದುಕೊಳ್ಳಬೇಕು.

ಅಪ್, ಆಫ್, ಓವರ್, ಬೈ ಮುಂತಾದ ಬಾಲಗಳ ಜೊತೆ ಬರುವ ಗೆಟ್ ಬಗ್ಗೆ ಬರೆಯಲು ಹೊರಟರೆ ಮುಗಿಯುವುದಿಲ್ಲ. ಒಂದನ್ನು ಮಾತ್ರ ಹೇಳುತ್ತೇನೆ. ‘ಗೆಟ್ ಅವೇ ವಿತ್ ಇಟ್’ ಅನ್ನುವುದನ್ನು ‘ತಪ್ಪು ಮಾಡಿ ಶಿಕ್ಷೆಯಿಂದ ಪಾರಾಗು’ ಅಂತ ಉದ್ದಕ್ಕೆ ಬಿಡಿಸಿ ಬರೆಯುತ್ತಾರೆ. ಕನ್ನಡದಲ್ಲಿ ಒಂದೇ ಪದ ಇದೆ, ದಕ್ಕಿಸಿಕೊಳ್ಳು. ‘ಇಷ್ಟೆಲ್ಲ ಮಾಡಿ ದಕ್ಕಿಸಿಕೊಂಡ’ ಅಂದರೆ ಆ ಇಂಗ್ಲಿಷ್ ಮಾತಿನ ಪೂರ್ತಿ ಅರ್ಥ, ಹೇಳುವವರ ಅಸಮಾಧಾನದ ಜೊತೆಗೆ ಬಂದುಬಿಡುತ್ತದೆ. ಇದರಲ್ಲೂ ಆ ‘ಇಸಿಕೊಳ್ಳು’ ಇದೆ ನೋಡಿ.

ಕಂಪ್ಯೂಟರಿನವರಿಗೆ ಗೆಟ್ ಇನ್ನೊಂದು ರೀತಿಯಲ್ಲಿ ಪರಿಚಯ. 1991ರಲ್ಲಿ ಟಿಮ್ ಬರ್ನರ್ಸ್-ಲೀ ವೆಬ್‌ಗೆ ಅಂತ ಮಾಡಿದ ಎಚ್‌ಟಿಟಿಪಿಯ, ಅಂದರೆ ಕಂಪ್ಯೂಟರುಗಳು ವೆಬ್ ಪುಟಗಳನ್ನು ಕೇಳುವ, ಕೊಡುವ ನಿಯಮಗಳ, ಮೊದಲ ರೂಪದಲ್ಲಿ ಒಂದೇ ಒಂದು ಆಜ್ಞೆ ಇತ್ತು, ಗೆಟ್. ಈ ಪುಟ ತಾ ಅಂತ. ಪೋಸ್ಟ್ ಮುಂತಾದವು ಆಮೇಲೆ ಸೇರಿದವು. ಅಲ್ಲಿನ ನಿಯಮದ ಪ್ರಕಾರ ಗೆಟ್ ಕೇಳಿದ್ದನ್ನು ಕೊಡಬೇಕು, ಕೊಡುವವರ ಹತ್ತಿರ ಇರುವುದನ್ನು ಬದಲಾಯಿಸಬಾರದು. ಮಾತಿನ ಗೆಟ್ ಇಷ್ಟು ಕಟ್ಟುನಿಟ್ಟಾಗಿಲ್ಲ. ಅಲ್ಲಿ ಯಾರೋ ಒಬ್ಬರ ಸ್ಥಿತಿ ಬದಲಾಗಲೇಬೇಕು.

ಕೊನೆಯದಾಗಿ, ನನ್ನ ಮೇಜಿನ ಮೇಲೆ ಈ ವಾರ ಕೂತಿದ್ದ ಒಂದು ವಾಕ್ಯ. ಅನುವಾದಕ್ಕೆ ಬಂದ ಕಥೆಯೊಂದರಲ್ಲಿ ಒಬ್ಬ ಮಗಳು ಅಪ್ಪನಿಗೆ ಹೇಳುತ್ತಾಳೆ: ‘ಯು ಡೋಂಟ್ ಗೆಟ್ ಟು ಸೇ ದಟ್.’ ಗೆಟ್ ಪಕ್ಕ ‘ಟು’ ಬಂದು ಆಮೇಲೆ ಕ್ರಿಯಾಪದ ಬಂದರೆ ಸಾಮಾನ್ಯವಾಗಿ ಅವಕಾಶದ ಅರ್ಥ. ‘ಐ ಗಾಟ್ ಟು ಸೀ ಹರ್’ ಅಂದರೆ ಅವಳನ್ನು ನೋಡುವ ಅವಕಾಶ ಸಿಕ್ಕಿತು. ಇಲ್ಲಿ ಅದು ನಿರಾಕರಣೆ. ಮೊದಲು ‘ಹಾಗೆ ಹೇಳುವ ಹಕ್ಕು ನಿಮಗಿಲ್ಲ’ ಅಂತ ಬರೆದೆ. ಅರ್ಥ ಪೂರ್ತಿ ಬಂದಿದೆ, ಆದರೆ ಅದು ವಕೀಲರ ಮಾತು. ಮಗಳ ಗಂಟಲು ಅಲ್ಲಿ ಕೇಳಿಸುವುದಿಲ್ಲ. ‘ನೀವು ಹಾಗನ್ನೋ ಹಾಗಿಲ್ಲ’ ಅನ್ನುವುದು ಹತ್ತಿರ ಬಂತು, ಆದರೆ ಅದರಲ್ಲಿ ಒಂದು ನಿಯಮದ ವಾಸನೆ ಇದೆ. ‘ಅದನ್ನ ಹೇಳೋಕೆ ನೀನ್ಯಾರು?’ ಅನ್ನುವುದರಲ್ಲಿ ಸಿಟ್ಟು ಸರಿಯಾಗಿದೆ, ಆದರೆ ಅದು ಹೊರಗಿನವರಿಗೆ ಹೇಳುವ ಮಾತು. ಆಕೆ ಜಗಳವಾಡುತ್ತಿರುವುದು ಅಪ್ಪನ ಜೊತೆ. ಸಂಬಂಧ ಕಡಿದುಕೊಳ್ಳುವ ಉದ್ದೇಶ ಆಕೆಗಿಲ್ಲ. ಕಡೆಗೆ ‘ಆ ಮಾತು ನಿಮ್ಮ ಬಾಯಲ್ಲಿ ಬರಬಾರದು ಅಪ್ಪಾ’ ಅಂತ ಬರೆದು ಮುಂದಿನ ಸಾಲಿಗೆ ಹೋದೆ. ಅದರಲ್ಲಿ ಹಕ್ಕೂ ಇಲ್ಲ, ಅವಕಾಶವೂ ಇಲ್ಲ, ಸಿಗು, ಪಡೆ, ಆಗು ಯಾವುದೂ ಇಲ್ಲ. ಇಂಗ್ಲಿಷ್ ಬಲ್ಲ ಗೆಳತಿಯೊಬ್ಬಳಿಗೆ ಓದಿ ಹೇಳಿದಾಗ ಅವಳು ‘ಬರಬಾರದು’ ಅನ್ನುವುದು ಸ್ವಲ್ಪ ಮೆತ್ತಗಾಯಿತು ಅಂದಳು. ಇರಬಹುದು. ಕರಡು ಇನ್ನೂ ನನ್ನ ಹತ್ತಿರವೇ ಇದೆ. ನಿಮಗೆ ಇದಕ್ಕಿಂತ ಒಳ್ಳೆಯದು ಹೊಳೆದರೆ ಖಂಡಿತ ಹೇಳಿ.